ಅಂಜನಮ್ಮನ ಹೊರಗಿನ ಮೂರು ದಿನ

ಚೊಕ್ಕಸಂದ್ರದ ಅಂಜನಮ್ಮ ಇಂಗ್ಲಿಷ್ ವ್ಯಾಕರಣ ಕಲಿತದ್ದು ದನದ ಕೊಟ್ಟಿಗೆಯ ಮಗ್ಗುಲಲ್ಲಿ, ತಿಂಗಳಿಗೆ ಮೂರು ದಿನ. ಉಳಿದ ದಿನಗಳಲ್ಲಿ ಪುಸ್ತಕ ಬಿಚ್ಚುವುದಿರಲಿ, ಅದನ್ನು ಯಾವ ಗೂಡಿನಲ್ಲಿ ಇಟ್ಟಿದ್ದೇನೆ ಎಂದು ನೆನೆಸಿಕೊಳ್ಳುವಷ್ಟು ಪುರುಸೊತ್ತೂ ಅವಳಿಗೆ ಇರಲಿಲ್ಲ.

ಎಂಬತ್ತೊಂದನೇ ಇಸವಿಯ ಮಾತು. ಪೀಣ್ಯದ ಸುತ್ತಿನ ಹೊಲಗಳು ಒಂದೊಂದಾಗಿ ಷೆಡ್ಡುಗಳಾಗುತ್ತಿದ್ದವು. ಅಂಜನಮ್ಮನ ಗಂಡನ ಮನೆಯ ರಾಗಿ ಹೊಲವೂ ಕೈಗಾರಿಕಾ ಬಡಾವಣೆಗೆ ಸೇರಿತ್ತು. ಹೊಲ ಹೋದ ಮೇಲೆ ಗಂಡ ರಾಮಾಂಜಿನಪ್ಪ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿ ಸೇರಿಕೊಂಡು, ಪಂಚೆ ಬಿಟ್ಟು ಖಾಕಿ ಪ್ಯಾಂಟು ತೊಟ್ಟ. ಅವನ ಬೇಸಾಯ ಅಲ್ಲಿಗೆ ಮುಗಿಯಿತು. ಹೆಂಡತಿಯ ಬೇಸಾಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎರಡು ಹಸು, ಒಂದು ಕರು, ನಾಲ್ಕು ವರ್ಷದ ಮಗಳು, ಮಂಡಿನೋವಿನ ಅತ್ತೆ ಪಿಳ್ಳಮ್ಮ, ಒಲೆ, ಒರಳು, ಇವೆಲ್ಲ ಇದ್ದ ಕಡೆಯೇ ಇದ್ದವು. ಮೊದಲು ಹೊಲದ ಬದುವಿನಲ್ಲಿ ಸಿಗುತ್ತಿದ್ದ ಹುಲ್ಲಿಗೆ ಈಗ ರೈಲು ಹಳಿಯಾಚೆ ಹೋಗಬೇಕಾಗಿತ್ತು, ಅಷ್ಟೇ ವ್ಯತ್ಯಾಸ.

ಅವಳ ದಿನ ಸಗಣಿ ಬಾಚುವುದರಿಂದ ಶುರುವಾಗುತ್ತಿತ್ತು. ಹಾಲು ಕರೆದು, ಅಂಗಳಕ್ಕೆ ನೀರು ಚೆಲ್ಲಿ ರಂಗೋಲಿ ಎಳೆದು, ಗಂಡನ ಊಟದ ಡಬ್ಬಿಗೆ ಮುದ್ದೆ ಕಟ್ಟಿ, ಆಮೇಲೆ ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಜಾಲಹಳ್ಳಿಯ ಕ್ವಾರ್ಟರ್ಸಿಗೆ ಹೋಗಿ ಬರಬೇಕು. ಬಂದರೆ ಕೈಪಂಪಿನ ಸಾಲು. ನೀರು ತಂದರೆ ಬಟ್ಟೆ. ಬಟ್ಟೆ ಒಗೆದರೆ ಹುಲ್ಲು. ಹುಲ್ಲು ತಂದು ಹಾಕುವ ಹೊತ್ತಿಗೆ ರಾತ್ರಿಯ ಎಸರು. ಇದರ ನಡುವೆ ಅತ್ತೆಯ ಮಂಡಿಗೆ ಬಿಸಿ ಎಣ್ಣೆ, ಮಗಳ ತಲೆಗೆ ಹರಳೆಣ್ಣೆ. ಒಂದು ಕೆಲಸ ಮುಗಿಯಿತು ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಒಂದರ ಬಾಲ ಇನ್ನೊಂದರ ಬಾಯಲ್ಲಿರುತ್ತಿತ್ತು.

ಆದರೆ ತಿಂಗಳಿಗೊಮ್ಮೆ ಅವಳು ಹೊರಗಾಗುತ್ತಿದ್ದಳು. ಆ ಮನೆಯ ಕಟ್ಟಳೆಯಂತೆ ಮುಟ್ಟಾದ ಹೆಂಗಸು ಮೂರು ದಿನ ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಕೊಟ್ಟಿಗೆಗೆ ಆತುಕೊಂಡು ತೆಂಗಿನ ಗರಿ ಹೊದಿಸಿದ ಒಂದು ಸೂರು ಇತ್ತು. ಅಲ್ಲಿ ಅವಳದೇ ಚಾಪೆ, ಅವಳದೇ ತಟ್ಟೆ, ಚೊಂಬು. ಒಲೆ ಮುಟ್ಟುವಂತಿಲ್ಲ, ನೀರಿನ ಬಿಂದಿಗೆ ಮುಟ್ಟುವಂತಿಲ್ಲ, ಕರೆಯುವ ಹಸುವನ್ನು ಮುಟ್ಟುವಂತಿಲ್ಲ. ಪಿಳ್ಳಮ್ಮ ಗೊಣಗುತ್ತ ಮುದ್ದೆ ತೊಳಸಿ, ತಟ್ಟೆಯನ್ನು ದೂರದಿಂದ ನೂಕಿ ಹೋಗುತ್ತಿದ್ದಳು. ಕ್ವಾರ್ಟರ್ಸಿಗೆ ಹಾಲನ್ನು ರಾಮಾಂಜಿನಪ್ಪನೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ಹಾಗೇ ಕಾರ್ಖಾನೆಗೆ ಹೋಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಆ ಸೂರಿನಡಿ ಕೂತು ಅಂಜನಮ್ಮ ಅವಮಾನಕ್ಕೆ ಅತ್ತಿದ್ದಳು. ಸೊಳ್ಳೆ, ಗಂಜಲದ ವಾಸನೆ, ಮಾಘದ ಚಳಿ. ಎರಡು ಮೂರು ವರ್ಷ ಕಳೆದ ಮೇಲೆ ಅವಳು ಅಳುವುದನ್ನು ಬಿಟ್ಟು ಆ ದಿನಗಳಲ್ಲಿ ನಿದ್ದೆ ಮಾಡಲು ಕಲಿತಳು. ನಿದ್ದೆ ತೀರಿ ಇನ್ನೂ ಹೊತ್ತು ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಪುಸ್ತಕ ತೆಗೆದಳು.

ಮುಟ್ಟಾದವಳು ಪುಸ್ತಕ ಮುಟ್ಟಬಾರದು ಎಂಬ ಕಟ್ಟಳೆ ಕೆಲವು ಮನೆಗಳಲ್ಲಿ ಇರುತ್ತದಂತೆ. ಪಿಳ್ಳಮ್ಮನ ಮನೆಯಲ್ಲಿ ಅದಿರಲಿಲ್ಲ. ಪುಸ್ತಕವೇ ಇಲ್ಲದ ಮನೆಯಲ್ಲಿ ಅಂಥದೊಂದು ಕಟ್ಟಳೆ ಹುಟ್ಟುವುದಾದರೂ ಹೇಗೆ?

ಪುಸ್ತಕಕ್ಕೆ ಕಾರಣವಿತ್ತು. ಅಂಜನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾಗಿದ್ದಳು. ಇಂಗ್ಲಿಷ್ ಪೇಪರಿನ ಹಿಂದಿನ ದಿನ ರಾಮಾಂಜಿನಪ್ಪನ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಇಡೀ ದಿನ ಅವಳು ಬಂದವರಿಗೆ ಚಿರೋಟಿ ಕರಿದಿದ್ದಳು. ಗಂಡು ಪಾಸಾಯಿತು, ಇಂಗ್ಲಿಷ್ ಫೇಲಾಯಿತು, ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ. ಈಗ ಪೀಣ್ಯದಲ್ಲಿ ರೇಡಿಯೋ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಇಪ್ಪತ್ತೈದು ದಾಟಿರಬಾರದು. ಅಂಜನಮ್ಮನಿಗೆ ಬರುವ ಜನವರಿಗೆ ಇಪ್ಪತ್ತೈದು ದಾಟುತ್ತಿತ್ತು. ಅಕ್ಟೋಬರಿನ ಪರೀಕ್ಷೆ ಒಂದೇ ಉಳಿದ ದಾರಿ.

ಅವಳ ಜೊತೆ ಓದಿದ ದಾಸರಹಳ್ಳಿಯ ವಸಂತಮ್ಮ ಆಗಲೇ ಅಲ್ಲಿ ಸೇರಿದ್ದಳು. ಒಂದು ದಿನ ರಸ್ತೆಯಲ್ಲಿ ಸಿಕ್ಕಿದಾಗ ಅಂಜನಮ್ಮ ಕೆಲಸ ಹೇಗೆ ಎಂದು ಕೇಳಿದ್ದಳು.

"ಸ್ಟೂಲ್ ಮೇಲೆ ಕೂತ್ಕೊಂಡ್ ಮಾಡೋದು ಕಣೆ," ಎಂದಳು ವಸಂತಮ್ಮ. "ತಂತಿ ಸುತ್ತೋದು, ಬೆಸುಗೆ ಹಾಕೋದು. ಮಧ್ಯಾಹ್ನ ಕ್ಯಾಂಟೀನ್ ಊಟ. ತಟ್ಟೆ ಹಿಡ್ಕೊಂಡು ನಿಂತ್ರೆ ಅವರೇ ಬಡಿಸ್ತಾರೆ. ತಿಂದು ಅಲ್ಲೇ ಇಟ್ಟು ಬರೋದು."

"ತಟ್ಟೆ ಯಾರು ತೊಳೀತಾರೆ?"

"ನಂಗೇನು ಗೊತ್ತು? ಯಾರೋ ತೊಳೀತಾರೆ."

ಮನೆಗೆ ಬರುವ ದಾರಿಯುದ್ದಕ್ಕೂ ಅಂಜನಮ್ಮ ಆ ‘ಯಾರೋ’ ಎಂಬ ಮಾತನ್ನೇ ಮೆಲುಕು ಹಾಕಿದಳು. ಅವಳ ಇಷ್ಟು ವರ್ಷದ ಬಾಳಿನಲ್ಲಿ ಆ ಯಾರೋ ಎಂದರೆ ಅವಳೇ ಆಗಿದ್ದಳು.

ಪಾಠ ಹೇಳಿಕೊಡಲು ಒಪ್ಪಿದವರು ಇಂದುಮತಿ ಮೇಡಂ. ಹಾಲು ಹಾಕಿಸಿಕೊಳ್ಳುತ್ತಿದ್ದ ಮನೆ ಅವರದು. ಮೈಸೂರಿನವರು, ಮದುವೆಗೆ ಮುಂಚೆ ಅಲ್ಲೊಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅವರ ಯಜಮಾನರು ರಾಮಾಂಜಿನಪ್ಪನ ಕಾರ್ಖಾನೆಯಲ್ಲೇ ಸೂಪರ್‌ವೈಸರ್. ಬೆಳಿಗ್ಗೆ ಹಾಲನ್ನು ಸ್ಟೌ ಮೇಲಿಟ್ಟು ಅದು ಉಕ್ಕುವವರೆಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಪಾಠ. ಹಾಲು ಉಕ್ಕಿದರೆ ಪಾಠ ಮುಗಿಯಿತು.

"ವ್ಯಾಕರಣದಲ್ಲಿ ನೌನ್ ಕ್ಲಾಸ್, ಅಂದ್ರೆ ನಾಮಪದದ ಥರ ಬರೋ ಉಪವಾಕ್ಯ, ಅದೊಂದನ್ನ ಸರಿಯಾಗಿ ಹಿಡ್ಕೋ," ಎನ್ನುತ್ತಿದ್ದರು ಇಂದುಮತಿ. "ಪ್ರತಿ ವರ್ಷ ಕೇಳ್ತಾರೆ. ನೋಡಿಲ್ಲಿ. ‘ಶಿ ಈಸ್ ಟೈರ್ಡ್.’ ಅವಳಿಗೆ ಸುಸ್ತಾಗಿದೆ. ಇದು ಪೂರ್ತಿ ವಾಕ್ಯ. ಇದರ ಮುಂದೆ ‘ದಟ್’ ಸೇರಿಸು. ಈಗ ಅದು ಒಂಟಿಯಾಗಿ ನಿಲ್ಲೋಕಾಗಲ್ಲ. ಇನ್ನೊಂದು ವಾಕ್ಯದೊಳಗೆ ಹೋಗಿ ನಾಮಪದ ಮಾಡೋ ಕೆಲಸ ಮಾಡಬೇಕು. ‘ಎವೆರಿಬಡಿ ನೋಸ್ ದಟ್ ಶಿ ಈಸ್ ಟೈರ್ಡ್.’ ಎಲ್ಲರಿಗೂ ಗೊತ್ತು. ಏನು ಗೊತ್ತು?"

"ಅವಳಿಗೆ ಸುಸ್ತಾಗಿರೋದು."

"ಸರಿ. ಕನ್ನಡದಲ್ಲಿ ನೀನು ‘ಸುಸ್ತಾಗಿರೋದು’ ಅಂತ ಒಂದೇ ಮಾತಿಗೆ ತಂದೆಯಲ್ಲ, ಅದನ್ನೇ ಇಂಗ್ಲಿಷಿನಲ್ಲಿ ನೌನ್ ಕ್ಲಾಸ್ ಅನ್ನೋದು. ಇಲ್ಲಿ ‘ನೋಸ್’ ಅನ್ನೋ ಕ್ರಿಯಾಪದಕ್ಕೆ ಅದು ಆಬ್ಜೆಕ್ಟ್. ಈಗ ಅದನ್ನೇ ಎತ್ತಿ ಮುಂದೆ ಕೂರಿಸು. ‘ದಟ್ ಶಿ ಈಸ್ ಟೈರ್ಡ್ ಈಸ್ ಟ್ರೂ.’ ಈಗ ಅದು ಸಬ್ಜೆಕ್ಟ್. ‘ದಿ ಟ್ರೂತ್ ಈಸ್ ದಟ್ ಶಿ ಈಸ್ ಟೈರ್ಡ್.’ ಈಗ ಕಾಂಪ್ಲಿಮೆಂಟ್. ಕ್ಲಾಸ್ ಅದೇ, ಒಂದಕ್ಷರ ಬದಲಾಗಿಲ್ಲ. ಕೂತ ಜಾಗ ನೋಡಿ ಯಾವ ಕೆಲಸ ಅಂತ ಹೇಳಬೇಕು."

ಅಂಜನಮ್ಮ ಕ್ಯಾನಿನ ಮುಚ್ಚಳ ತಿರುಗಿಸುತ್ತ ಯೋಚಿಸಿದಳು. "ಸೊಸೆ ಇದ್ದಂಗೆ ಬುಡಿ ಮೇಡಂ. ಒಲೆ ಮುಂದೆ ಕೂತ್ರೆ ಅಡುಗೆಯೋಳು, ಹಸು ಕೆಳಗೆ ಕೂತ್ರೆ ಹಾಲು ಕರೆಯೋಳು, ಅತ್ತೆ ಕಾಲತ್ರ ಕೂತ್ರೆ ದಾದಿ. ಆಳು ಒಂದೇಯ."

ಇಂದುಮತಿ ನಕ್ಕರು. "ಪರೀಕ್ಷೆಯಲ್ಲಿ ಹಾಗೆ ಬರೀಬೇಡ ಮಾರಾಯ್ತಿ."

ಹಬೆಯಾಡುವ ಹಾಲಿನ ಮುಂದೆ ಕೇಳಿದ್ದನ್ನು ಅವಳು ತಿಂಗಳಿಡೀ ಬಾಯಲ್ಲಿಟ್ಟುಕೊಂಡು ಓಡಾಡಿ, ಹೊರಗಾದ ದಿನ ಸೂರಿನಡಿ ಕೂತು ಬಿಡಿಸುತ್ತಿದ್ದಳು. ಪುಸ್ತಕದ ಅಕ್ಷರ ಸಣ್ಣದು. ಒಲೆಯ ಇದ್ದಿಲಿನ ಒಂದು ತುಂಡು ಮೊದಲೇ ಎತ್ತಿಟ್ಟುಕೊಂಡು ಕೊಟ್ಟಿಗೆಯ ಮಣ್ಣುಗೋಡೆಯ ಮೇಲೆ ದೊಡ್ಡದಾಗಿ ಬರೆಯುವಳು. ಇಡೀ ವಾಕ್ಯ ಬರೆದು, ಅದರೊಳಗಿನ ಕ್ಲಾಸಿನ ಸುತ್ತ ಗೆರೆ ಎಳೆದು, ಕೆಳಗೆ ಅದರ ಕೆಲಸ. ಸಬ್ಜೆಕ್ಟ್, ಆಬ್ಜೆಕ್ಟ್, ಕಾಂಪ್ಲಿಮೆಂಟ್, ಆಮೇಲೆ ಪ್ರಿಪೊಸಿಷನ್ನಿನ ಹಿಂದೆ ಬಂದು ಕೂರುವುದು ಒಂದು. ಪುಸ್ತಕದ ಉದಾಹರಣೆ ಮುಗಿದ ಮೇಲೆ ತನ್ನವೇ ಬರೆದುಕೊಂಡಳು. ‘ಎವೆರಿಥಿಂಗ್ ಡಿಪೆಂಡ್ಸ್ ಆನ್ ವಾಟ್ ಮೈ ಮದರ್-ಇನ್-ಲಾ ಸೇಸ್.’ ಎಲ್ಲವೂ ಅತ್ತೆ ಏನು ಹೇಳುತ್ತಾಳೆ ಎಂಬುದರ ಮೇಲೆ ನಿಂತಿದೆ. ‘ಆನ್’ ಹಿಂದೆ ಕೂತದ್ದರಿಂದ ಇದು ಪ್ರಿಪೊಸಿಷನ್ನಿನ ಆಬ್ಜೆಕ್ಟ್ ಎಂದು ಖುಷಿಯಿಂದ ಎರಡು ಸಲ ಗೆರೆ ಎಳೆದಳು.

ತಟ್ಟೆ ನೂಕಲು ಬಂದ ಪಿಳ್ಳಮ್ಮ ಗೋಡೆಯನ್ನು ನೋಡಿ ಕೈ ಸೊಂಟಕ್ಕಿಟ್ಟು ನಿಂತಳು.

"ಏನಮ್ಮಿ ಇದು? ಮಾಟ ಗೀಟ ಮಾಡ್ತಿದೀಯಾ?"

"ಇಂಗ್ಲೀಷು ಅತ್ತೆ."

"ಏನಂತದೆ ಅದು?"

ಅಂಜನಮ್ಮ ಬೇರೆ ಸಾಲಿನ ಮೇಲೆ ಬೆರಳಿಟ್ಟಳು. "ಅವ್ಳಿಗೆ ಸುಸ್ತಾಗೈತೆ ಅಂತದೆ."

"ಯಾರ್ಗೆ?"

"ಪುಸ್ತಕದಲ್ಲಿರೋಳಿಗೆ."

"ಪುಸ್ತಕದಾಗೆ ಕೂತಿರೋಳಿಗೆ ಅದೇನು ಸುಸ್ತು ಬಂತೋ. ನನ್ ಮಂಡಿ ಕೇಳು, ಯೋಳ್ತದೆ," ಎಂದು ಪಿಳ್ಳಮ್ಮ ಕುಂಟುತ್ತ ಒಳಗೆ ಹೋದಳು. ಆ ಮೂರು ದಿನ ಮುದುಕಿಗೂ ಸುಲಭವಾಗಿರಲಿಲ್ಲ. ಅದು ಅಂಜನಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಪುಸ್ತಕದ ಹಾಳೆ ತಿರುವಿದಳು.

ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ, ಕೂತ ಜಾಗವನ್ನೂ ಒರಗಿದ ಗೋಡೆಯನ್ನೂ ಸಗಣಿಯಿಂದ ಸಾರಿಸಿಯೇ ಒಳಗೆ ಬರಬೇಕು. ಬರೆದದ್ದೆಲ್ಲ ಅವಳ ಕೈಯಲ್ಲೇ ಸಗಣಿಯಡಿ ಹೋಗುತ್ತಿತ್ತು. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಮುಂದಿನ ತಿಂಗಳಿಗೆ ಗೋಡೆ ಹೊಸದಾಗಿರುತ್ತಿತ್ತು.

ಮೇ, ಜೂನ್, ಜುಲೈ ಹೀಗೆ ನಡೆಯಿತು. ನೌನ್ ಕ್ಲಾಸ್ ಎಲ್ಲಿ ಅಡಗಿದ್ದರೂ ಅಂಜನಮ್ಮ ಹಿಡಿಯುವಂತಾದಳು. ಇನ್ನು ಗದ್ಯದ ಪಾಠಗಳು, ಪತ್ರ ಬರೆಯುವುದು, ಪ್ರಬಂಧ. ಆಗಸ್ಟಿಗೆ ಗದ್ಯ, ಸೆಪ್ಟೆಂಬರಿಗೆ ಪತ್ರ ಮತ್ತು ಪ್ರಬಂಧ ಎಂದು ಇಂದುಮತಿ ಹಂಚಿಕೊಟ್ಟರು. ವ್ಯಾಕರಣಕ್ಕೆ ಇರುವ ಅಂಕ ಸ್ವಲ್ಪವೇ, ಪಾಸಾಗಬೇಕಾದರೆ ಮಿಕ್ಕದ್ದೂ ಬರೆಯಬೇಕು ಎಂದು ಎಚ್ಚರಿಸಿದರು. "ಆದರೆ ನಂಗೊಂದು ಅರ್ಥವಾಗಲ್ಲ," ಎಂದರು. "ಮೂರು ವಾರ ಏನೂ ಓದಿರಲ್ಲ, ಇದ್ದಕ್ಕಿದ್ದ ಹಾಗೆ ಒಂದು ದಿನ ಎಲ್ಲಾ ಕಲಿತು ಬರ್ತೀಯ. ಅದು ಹೇಗೆ?"

ಅಂಜನಮ್ಮ ನಾಚಿಕೊಂಡು, "ಪುರುಸೊತ್ತಾದಾಗ ಓದ್ತೀನಿ ಮೇಡಂ," ಎಂದಳು. ಅಂದೇ ಬಿಡಿಸಿ ಹೇಳಿದ್ದರೆ ಏನಾದರೂ ಬೇರೆಯಾಗುತ್ತಿತ್ತೋ ಏನೋ. ಅಂಥ ಮಾತನ್ನು ಕ್ವಾರ್ಟರ್ಸಿನವರ ಮುಂದೆ ಹೇಗೆ ಹೇಳುವುದು?

ಹೇಳಿದವನು ರಾಮಾಂಜಿನಪ್ಪ. ಆಗಸ್ಟಿನಲ್ಲಿ ಅವಳು ಹೊರಗಾದ ಎರಡನೇ ದಿನ ಅವನು ಹಾಲು ತೆಗೆದುಕೊಂಡು ಹೋದ. ಆಮೇಲೆ ನಡೆದದ್ದನ್ನು ಅಂಜನಮ್ಮ ಮೊದಲು ಗಂಡನ ಬಾಯಲ್ಲಿ, ನಂತರ ಮೇಡಂ ಬಾಯಲ್ಲಿ ಕೇಳಿದಳು. ಎರಡೂ ಕಡೆ ಸಂಗತಿ ಒಂದೇ.

"ಅಂಜನಾಗೆ ಹುಷಾರಿಲ್ವಾ? ನಿನ್ನೆಯೂ ಬರಲಿಲ್ಲ," ಎಂದು ಇಂದುಮತಿ ಕೇಳಿದರು.

"ಊಂ ಮೇಡಂ, ವೊರ್ಗವ್ಳೆ."

"ಹೊರಗಾ? ಎಲ್ಲಿ ಮಲಗ್ತಾಳೆ?"

"ಕೊಟ್ಟಿಗೆ ತಾವ ಮೇಡಂ. ಸೂರೈತೆ."

ಇಂದುಮತಿಯವರಿಗೆ ಸಿಟ್ಟು ಬಂತು. ಒಳ್ಳೆಯ ಹೆಂಗಸಿಗೆ ಬರುವ ಒಳ್ಳೆಯ ಸಿಟ್ಟು ಅದು. "ಅಲ್ಲ ರಾಮಾಂಜಿನಪ್ಪ, ನೀವು ಕಾರ್ಖಾನೆಯಲ್ಲಿ ಕೆಲಸ ಮಾಡೋರು, ಯೂನಿಯನ್ನಿಗೆ ಹೋಗೋರು. ಮನೇಲಿ ಹೆಂಡತೀನ ದನದ ಜೊತೆ ಕೂರಿಸ್ತೀರಾ? ನಿಮ್ಮ ತಾಯಿ ಕಾಲಕ್ಕೆ ಸರಿ, ನಿಮಗೆ ನಾಚಿಕೆ ಆಗಲ್ವಾ?" ಆ ಹೊತ್ತಿಗೆ ಒಳಗೆ ಪೇಪರ್ ಓದುತ್ತಿದ್ದ ಸೂಪರ್‌ವೈಸರು ಪೇಪರನ್ನು ಕೆಳಗಿಳಿಸಿ, ಕನ್ನಡಕದ ಮೇಲಿಂದ ಹೆಲ್ಪರ್ ರಾಮಾಂಜಿನಪ್ಪನನ್ನು ನೋಡಿದರು. ಅಷ್ಟೇ.

ರಾಮಾಂಜಿನಪ್ಪನಿಗೆ ಅಷ್ಟು ಸಾಕಾಯಿತು. ಸಾಯಂಕಾಲ ಪಾಳಿ ಮುಗಿಸಿ ಬಂದವನು ಸೈಕಲ್ಲನ್ನು ಒರಗಿಸಿ ನೆಟ್ಟಗೆ ಸೂರಿನ ಮುಂದೆ ಬಂದು ನಿಂತ. ಅಂಜನಮ್ಮ ಗದ್ಯದ ಎರಡನೇ ಪಾಠದಲ್ಲಿದ್ದಳು.

"ಏಳು, ಒಳಕ್ಕೆ ನಡಿ."

"ಇನ್ನೂ ಎರಡನೇ ದಿನ."

"ಇನ್ಮೇಲೆ ನಮ್ಮನೇಲಿ ಎರಡನೇದೂ ಇಲ್ಲ, ಮೂರನೇದೂ ಇಲ್ಲ. ಕಾಲ ಯಾವ್ದು ಅಂತ ತಿಳ್ಕೊಂಡಿದೀರ? ಜನ ಉಗೀತಾವ್ರೆ."

ಪಿಳ್ಳಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ಏನ್ಲಾ ನಿನ್ ಮಾತು? ಮನೆದ್ಯಾವ್ರು ಸುಮ್ಕಿರ್ತದಾ?"

"ದ್ಯಾವ್ರ ಮನೆಗೆ ಓಗೋದ್ ಬ್ಯಾಡ ಕಣವ್ವ. ದೀಪ ನೀನೇ ಅಚ್ಚು. ಅಡುಗೆ, ನೀರು, ದನ ಇವ್ಳು ನೋಡ್ಕೊಳ್ಳಿ. ಅದ್ರಲ್ಲಿ ಏನ್ ದೋಸ?"

ಪಿಳ್ಳಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕೈಯಲ್ಲಿದ್ದ ಸೌಟನ್ನು ನೋಡಿದಳು. ಬೆಳಗಿನಿಂದ ನೀರು ಹೊತ್ತು ಅವಳ ಮಂಡಿ ಊದಿತ್ತು. ಮುದುಕಿಯ ಮುಖದಿಂದ ದೇವರ ಭಯ ಇಳಿದು ನೆಮ್ಮದಿ ಏರುವುದನ್ನು ಅಂಜನಮ್ಮ ಕಣ್ಣಾರೆ ಕಂಡಳು.

"ಕಾಲ ಬದಲಾಯ್ತು ಅಂತೀಯ. ಏನ್ ಮಾಡಕ್ಕಾಯ್ತದೆ," ಎಂದಳು ಪಿಳ್ಳಮ್ಮ. ಸೌಟನ್ನು ಸೊಸೆಯ ಕಡೆ ಚಾಚಿದಳು. "ಬಾಮ್ಮಿ, ಎಸರು ಮಳ್ಳುತೈತೆ. ಇಟ್ಟು ಆಕು."

ಹೀಗೆ ಆ ಮನೆಯಲ್ಲಿ ಮೈಲಿಗೆ ಸುಧಾರಿಸಿತು. ದೇವರಿಗೆ ಆಗದ ಹೆಂಗಸು ಒಲೆಗೆ ಆದಳು, ಬಿಂದಿಗೆಗೆ ಆದಳು, ಹಸುವಿಗೆ ಆದಳು. ಅಂಜನಮ್ಮ ಹೊಟ್ಟೆನೋವಿನಲ್ಲೇ ಮುದ್ದೆ ತೊಳಸಿದಳು. ಪುಸ್ತಕವನ್ನು ಚಾಪೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು.

ನಾಲ್ಕು ದಿನ ತಡೆದು ಗಂಡನನ್ನು ಕೇಳಿದಳು. ಅವನು ಊಟ ಮಾಡುತ್ತಿದ್ದ.

"ಮೊದ್ಲಿನಂಗೇ ಇರ್ಲಿ ಬುಡಿ."

"ಏನು?"

"ಹೊರಗೆ ಕೂರೋದು. ಪರೀಕ್ಷೆ ಮುಗಿಯೋ ಗಂಟ."

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ನಿಂಗೇನು ತಲೆ ಕೆಟ್ಟೈತಾ? ಬ್ಯಾಡ ಅಂತ ಜನ ಹೊಡೆದಾಡೋದನ್ನ ನೀನು ಬೇಕು ಅಂತೀಯಲ್ಲ. ನಾಳೆ ಮೇಡಂ ಕೇಳುದ್ರೆ ನಾನೇನ್ ಯೋಳ್ಲಿ?"

"ಓದೋಕೆ ಹೊತ್ತೇ ಸಿಗಲ್ಲ."

"ಓದ್ಕೋ, ಯಾರ್ ಬ್ಯಾಡ ಅಂದ್ರು? ಕೆಲಸ ಮುಗುಸ್ಕೊಂಡು ಆರಾಮಾಗಿ ಓದ್ಕೋ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಕೆಲಸ ಎಂಬುದು ಮುಗಿಯುತ್ತದೆ ಎಂದು ಅವನು ನಿಜವಾಗಿ ನಂಬಿದ್ದ. ಅವನ ಕೆಲಸ ಸೈರನ್ನಿಗೆ ಮುಗಿಯುತ್ತಿತ್ತು.

ಇಂದುಮತಿಯವರ ಹಿಂಬಾಗಿಲಲ್ಲಿ ಅವಳಿಗೆ ಕೇಸರಿಭಾತ್ ಕಾದಿತ್ತು. "ತಗೋ, ಬಾಯಿ ಸಿಹಿ ಮಾಡ್ಕೋ. ನಿನ್ನ ಗಂಡ ಬಂದು ಹೇಳಿದ್ರು. ನೋಡು, ಒಂದು ಮಾತು ಬಿಡಿಸಿ ಹೇಳಿದ್ರೆ ಗಂಡಸರಿಗೂ ಅರ್ಥವಾಗುತ್ತೆ."

ಅಂಜನಮ್ಮ ತಟ್ಟೆಯನ್ನು ಕೈಯಲ್ಲಿ ಹಿಡಿದಳು, ತಿನ್ನಲಿಲ್ಲ. "ಮೇಡಂ, ನೀವು ಅವ್ರಿಗೆ ಹೇಳಬಾರದಿತ್ತು."

"ಯಾಕೆ? ಬೈದರಾ?"

"ಬೈಯಲಿಲ್ಲ. ನಾನು ಓದ್ತಿದ್ದಿದ್ದು ಅಲ್ಲೇ. ಆ ಮೂರು ದಿನ."

ಇಂದುಮತಿ ಅವಳನ್ನೇ ನೋಡಿದರು. "ಕೊಟ್ಟಿಗೇಲಿ ಕೂರೋದು ನಿಂಗೆ ಇಷ್ಟವಾ ಅಂಜನಾ?"

"ಇಷ್ಟ ಅಂತಲ್ಲ ಮೇಡಂ. ಅಲ್ಲಿದ್ರೆ ಯಾರೂ ಕರೀತಿರ್ಲಿಲ್ಲ."

ಇಂದುಮತಿ ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, "ಹಾಗಾದ್ರೆ ದಿನಾ ಒಂದು ಗಂಟೆ ಓದೋಕೆ ಬಿಡಿ ಅಂತ ಕೇಳು. ಅದು ನಿನ್ನ ಹಕ್ಕು," ಎಂದರು.

"ಯಾರನ್ನ ಕೇಳ್ಲಿ? ನೀವು ಯಾರನ್ನ ಕೇಳ್ತೀರಾ ಮೇಡಂ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದಳು. ಕ್ವಾರ್ಟರ್ಸಿನಲ್ಲಿ ಅದಕ್ಕೆ ಬೇರೆ ದಾರಿ ಇರಬಹುದು ಎಂದುಕೊಂಡಿದ್ದಳು. ಅಷ್ಟರಲ್ಲಿ ಒಳಗಿನಿಂದ, "ಇಂದೂ, ಟಿಫನ್ ಬಾಕ್ಸ್ ಆಯ್ತಾ? ಬಸ್ ಬರುತ್ತೆ," ಎಂಬ ಕೂಗು ಬಂತು. ಇಂದುಮತಿ, "ಬಂದೆ," ಎಂದು ಒಳಗೆ ಹೋದರು. ಆ ಹೊತ್ತು ಮತ್ತೆ ಹೊರಗೆ ಬರಲಿಲ್ಲ. ಸ್ಟೌ ಮೇಲೆ ಹಾಲು ಉಕ್ಕಿತು. ಅಂಜನಮ್ಮನೇ ಒಳಗೆ ಕಾಲಿಟ್ಟು ಅದನ್ನು ಇಳಿಸಿ, ಚೆಲ್ಲಿದ್ದನ್ನು ಒರೆಸಿ ಬಂದಳು.

ಸೆಪ್ಟೆಂಬರಿನಲ್ಲಿ ಒಂದು ಸಲ ಅವಳು ಯಾರಿಗೂ ಹೇಳದೆ ಹೋಗಿ ಸೂರಿನಡಿ ಚಾಪೆ ಹಾಸಿ ಕೂತಳು. ನಾಲ್ಕು ಸಾಲು ಓದಿದ್ದಳೋ ಇಲ್ಲವೋ.

"ಅಲ್ಯಾಕಮ್ಮಿ ಕೂತೆ?" ಪಿಳ್ಳಮ್ಮನ ಧ್ವನಿಯಲ್ಲಿ ಬೈಗುಳವಿರಲಿಲ್ಲ, ಕನಿಕರವೇ ಇತ್ತು. "ನಿನ್ ಗಂಡನೇ ಬ್ಯಾಡ ಅಂದವ್ನೆ, ನಿಂಗ್ಯಾಕ್ ಭಯ? ಬಾ, ಒರಳಾಗೆ ಕಾರ ಅಂಗೇ ಬಿದ್ದೈತೆ."

ಅದೇ ತಿಂಗಳ ಕೊನೆಗೆ ಸೂರೂ ಹೋಯಿತು. ಹೇಗೂ ಬಳಕೆಯಿಲ್ಲ ಎಂದು ರಾಮಾಂಜಿನಪ್ಪ ಗರಿ ಕಿತ್ತು, ಸುತ್ತ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಷೀಟು ಹಾಕಿಸಿ ಪೀಣ್ಯದ ಲೇತ್ ಕೆಲಸದವನೊಬ್ಬನಿಗೆ ಬಾಡಿಗೆಗೆ ಕೊಟ್ಟ. ಊರಿನಲ್ಲಿ ಆಗ ಎಲ್ಲರೂ ಹಾಗೆ ಒಂದೊಂದು ರೂಮು ಎಬ್ಬಿಸುತ್ತಿದ್ದರು. ಬಾಡಿಗೆಯವನು ಒಂಟಿ. ಅವನ ರೂಮಿನ ಮುಂದೆ ಗುಡಿಸುವುದೂ ಅಂಜನಮ್ಮನ ಪಾಲಿಗೆ ಬಂತು.

ಪರೀಕ್ಷೆ ಅಕ್ಟೋಬರಿನಲ್ಲಿ, ಯಶವಂತಪುರದ ಒಂದು ಹೈಸ್ಕೂಲಿನಲ್ಲಿ. ಆ ದಿನ ಅವಳಿಗೆ ಮುಟ್ಟಿನ ಎರಡನೇ ದಿನ. ಬೆಳಕು ಹರಿಯುವ ಮುಂಚೆ ಎದ್ದು ಹಾಲು ಕರೆದು, ಡಬ್ಬಿ ಕಟ್ಟಿ, ಕ್ವಾರ್ಟರ್ಸಿಗೆ ಹೋಗಿ ಬಂದು, ಮಧ್ಯಾಹ್ನಕ್ಕೂ ಅಡುಗೆ ಮಾಡಿಟ್ಟು, ಮಗಳಿಗೆ ಜಡೆ ಹಾಕಿ ಓಡಿದ್ದಳು. ದಾಸರಹಳ್ಳಿಯಲ್ಲಿ ಬಸ್ಸು ತುಂಬಿತ್ತು, ನಿಂತೇ ಹೋದಳು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ವ್ಯಾಕರಣ ಹುಡುಕಿದಳು. ನೌನ್ ಕ್ಲಾಸ್ ಇತ್ತು. ಐದು ವಾಕ್ಯ, ಪ್ರತಿಯೊಂದರಲ್ಲೂ ಕ್ಲಾಸನ್ನು ಗುರುತಿಸಿ ಅದರ ಕೆಲಸ ಬರೆಯಬೇಕು. ಐದೂ ಅವಳಿಗೆ ಅಂಗೈಯಲ್ಲಿದ್ದಂತೆ ಕಂಡವು. ‘ಆಬ್ಜೆಕ್ಟ್ ಆಫ್ ದಿ ಪ್ರಿಪೊಸಿಷನ್’ ಎಂದು ಕೊನೆಯದಕ್ಕೆ ಬರೆದು ಮುಗಿಸಿ, ಗದ್ಯದ ಪ್ರಶ್ನೆಗಳಿಗೆ ಬಂದಳು. ಮೊದಲನೆಯದು ಎರಡನೇ ಪಾಠದ್ದು, ಅರ್ಧಕ್ಕೆ ಬಿಟ್ಟು ಎದ್ದಿದ್ದಳಲ್ಲ, ಅದು. ನೆನಪಿಸಿಕೊಳ್ಳೋಣ ಎಂದು ಬೆಂಚಿನ ಮೇಲೆ ಮೊಣಕೈ ಊರಿ ಹಣೆಗೆ ಕೈಕೊಟ್ಟಳು.

ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಯಾರೂ ಅಂಜನಮ್ಮಾ ಎಂದು ಕರೆಯುತ್ತಿರಲಿಲ್ಲ. ಕರೆಯುವ ಹಾಗೂ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಕೂತಲ್ಲೇ ಕೂತಿರಬೇಕು ಎಂಬುದು ಅಲ್ಲಿಯ ಕಟ್ಟಳೆ. ಆಗಸ್ಟಿನಿಂದೀಚೆಗೆ ಅವಳು ಹೀಗೆ ಕೂತದ್ದೇ ಇರಲಿಲ್ಲ.

ಭುಜ ಅಲುಗಾಡಿಸಿ ಎಬ್ಬಿಸಿದವರು ಮೇಲ್ವಿಚಾರಣೆಯ ಮೇಷ್ಟ್ರು. "ಏನಮ್ಮಾ, ಪರೀ‌ಕ್ಷೆ ಬರೆಯೋಕೆ ಬಂದ್ಯಾ, ಮಲಗೋಕೆ ಬಂದ್ಯಾ? ಇನ್ನು ಕಾಲು ಗಂಟೆ ಇದೆ." ಅಕ್ಕಪಕ್ಕದ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಅಂಜನಮ್ಮನ ಕೆನ್ನೆಯ ಕೆಳಗೆ ಉತ್ತರಪತ್ರಿಕೆಯ ಶಾಯಿ ಹರಡಿತ್ತು. ಕಾಲು ಗಂಟೆಯಲ್ಲಿ ಪತ್ರದ ವಿಳಾಸ, ತಾರೀಖು, ‘ಡಿಯರ್ ಸಿಸ್ಟರ್’ ಅಷ್ಟನ್ನು ಬರೆದಳು. ಗಂಟೆ ಹೊಡೆಯಿತು.

ಫಲಿತಾಂಶದ ದಿನ ರಾಮಾಂಜಿನಪ್ಪನೇ ಟೀ ಅಂಗಡಿಗೆ ಹೋಗಿ ಪೇಪರ್ ನೋಡಿ ಬಂದ. "ನಿನ್ ನಂಬರ್ ಇಲ್ಲ ಕಣೆ. ಎಲ್ಡ್ ಸಲ ನೋಡ್ದೆ." ಅವನಿಗೂ ಬೇಸರವಾಗಿತ್ತು. ಅವಳಿಗೆ ಸಮಾಧಾನ ಹೇಳಿದ. "ಓಗ್ಲಿ ಬುಡು. ಅದ್ಯಾಕ್ ಬೇಕು ಕೆಲಸ? ಮನೇಲೇ ಬೇಕಾದಷ್ಟೈತೆ." ಅದಂತೂ ನಿಜವಾಗಿತ್ತು. ಜನವರಿ ಬಂತು, ಅಂಜನಮ್ಮನಿಗೆ ಇಪ್ಪತ್ತೈದು ದಾಟಿತು. ಇಂದುಮತಿ ಮೇಡಂ ಅಲ್ಲಿಂದಾಚೆಗೆ ಹಾಲು ತೆಗೆದುಕೊಳ್ಳುವಾಗ ಪಾಠದ ಮಾತು ತೆಗೆಯಲಿಲ್ಲ, ಇವಳೂ ಕೇಳಲಿಲ್ಲ.

ಅದರ ಬದಲು ರಾಮಾಂಜಿನಪ್ಪನಿಗೆ ಹೆಸರು ಬಂತು. ಸೂಪರ್‌ವೈಸರು ಯೂನಿಯನ್ನಿನವರಿಗೆ ಹೇಳಿ, ಒಂದು ಸಭೆಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದರು. ತನ್ನ ಮನೆಯಲ್ಲೇ ಮೂಢನಂಬಿಕೆ ಕಿತ್ತೊಗೆದ ಕಾರ್ಮಿಕ ಎಂದು ಚಪ್ಪಾಳೆ ತಟ್ಟಿಸಿದರು. ಕಾರ್ಖಾನೆಗೆ ಹೋಗುತ್ತಿದ್ದ ಊರಿನ ಬೇರೆ ಗಂಡಸರೂ ಅದನ್ನು ನೋಡಿದರು. ಬೇಸಿಗೆಯ ಹೊತ್ತಿಗೆ ಆ ಬೀದಿಯ ನಾಲ್ಕಾರು ಮನೆಗಳ ಸೂರುಗಳಿಗೆ ಷೀಟು ಬಿತ್ತು.

ಒಂದು ಬೆಳಿಗ್ಗೆ ಅಂಜನಮ್ಮ ಕೈಪಂಪಿನ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಎದುರುಮನೆಯ ಮುನಿಯಕ್ಕ ಬಿಂದಿಗೆ ಕುಕ್ಕಿ ಪಂಪಿನ ಹಿಡಿಗೆ ಒರಗಿ ನಿಂತಳು. ಐದು ಮಕ್ಕಳ ತಾಯಿ, ಅಂಜನಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮುಖ ಬಿಳಿಚಿತ್ತು, ಒಂದು ಕೈಯಲ್ಲಿ ಕೆಳಹೊಟ್ಟೆ ಹಿಡಿದುಕೊಂಡಿದ್ದಳು.

"ನಿಮ್ಮನೆಯಿಂದ್ಲೇ ಅಲ್ವಾ ಇದು ಸುರುವಾಗಿದ್ದು?" ಎಂದಳು.

"ಏನಕ್ಕ?"

"ಏನಂತೆ. ನೆನ್ನೆ ನಾನು ವೊರ್ಗಾದೆ. ನನ್ ಗಂಡ ಅಂತಾನೆ, ರಾಮಾಂಜಿ ಹೆಂಡ್ತಿ ಮಾಡ್ತಾಳೆ, ನಿಂಗೇನ್ ಬಂದೈತೆ ದೊಡ್ರೋಗ, ಏಳು ಅಂತ. ತಿಂಗಳಿಗೆ ಮೂರ್ ದಿನ ಬೆನ್ನು ನೆಟ್ಟಗ್ ಮಾಡ್ತಿದ್ವಿ ಕಣಮ್ಮಿ. ನೀನು ಅದ್ಕೂ ಮಣ್ ಆಕ್ದೆ."

ಅಂಜನಮ್ಮ ಒಗೆಯುವ ಕೈಯನ್ನು ನಿಲ್ಲಿಸಿದಳು. ನಾನಲ್ಲ ಎಂದು ಹೇಳಬೇಕೆನಿಸಿತು. ಹಾಗಾದರೆ ಯಾರು ಎಂದು ಮುನಿಯಕ್ಕ ಕೇಳುತ್ತಾಳೆ. ಯಾರ ಹೆಸರು ಹೇಳುವುದು? ಅತ್ತೆಗೆ ಮಂಡಿನೋವು. ಗಂಡನಿಗೆ ನಾಚಿಕೆ. ಮೇಡಂಗೆ ಕನಿಕರ. ಒಬ್ಬರೂ ಕೆಟ್ಟದ್ದು ಬಯಸಿದವರಲ್ಲ.

"ಓದ್ತಿದ್ದೆಯಲ್ಲ, ಅದಾದ್ರೂ ಪಾಸಾಯ್ತಾ?" ಮುನಿಯಕ್ಕ ಕೇಳಿದಳು.

"ಇಲ್ಲಕ್ಕ."

"ಅದೂ ಇಲ್ಲ." ಮುನಿಯಕ್ಕ ಬೈಯಲು ಬಂದವಳು ಬೈಯದೆ ಬಿಂದಿಗೆಯನ್ನು ಪಂಪಿನ ಬಾಯಿಗೆ ಸರಿಸಿದಳು. ಎರಡು ಸಲ ಹಿಡಿ ಒತ್ತಿ, ನೋವಿಗೆ ಬಗ್ಗಿ ನಿಂತುಬಿಟ್ಟಳು. ಅಂಜನಮ್ಮ ಎದ್ದು ಬಂದು ಅವಳನ್ನು ಬದಿಗೆ ಸರಿಸಿ, ತಾನೇ ಹಿಡಿ ಒತ್ತಿ ಬಿಂದಿಗೆ ತುಂಬಿಸಿ ಅವಳ ಸೊಂಟಕ್ಕೆ ಎತ್ತಿಕೊಟ್ಟಳು. ಮುನಿಯಕ್ಕ ಬಿಂದಿಗೆ ಹೊತ್ತು ಹೋದಳು. ಕಲ್ಲಿನ ಮೇಲೆ ಬಾಡಿಗೆಯವನ ಎಣ್ಣೆ ಅಂಟಿದ ಷರ್ಟು ಇತ್ತು. ಒಗೆದು ಕೊಡಲು ರಾಮಾಂಜಿನಪ್ಪನೇ ಒಪ್ಪಿಕೊಂಡು ಬಂದಿದ್ದ. ಅಂಜನಮ್ಮ ಅದಕ್ಕೆ ಸೋಪು ಹಚ್ಚಿ ಉಜ್ಜತೊಡಗಿದಳು.